ಬೆಂಗಳೂರಿನಲ್ಲಿ ಥೆರಪಿ ಶುರುಮಾಡುವವರಿಗೆ: ಯಾರ ಬಳಿ ಹೋಗಬೇಕು, ದುಡ್ಡು ಎಷ್ಟಾಗುತ್ತದೆ, ಕೊಟ್ಟಿದ್ದಕ್ಕೆ ಏನು ಸಿಗಬೇಕು

ಥೆರಪಿಯ, ಅಂದರೆ ಮಾತಿನ ಮೂಲಕ ನಡೆಯುವ ಮಾನಸಿಕ ಚಿಕಿತ್ಸೆಯ, ಖರ್ಚು ವಿಚಾರಿಸುವವರು ಸಾಮಾನ್ಯವಾಗಿ ಒಂದು ಸೆಷನ್‌ಗೆ ಎಷ್ಟು ಎಂದು ಕೇಳುತ್ತಾರೆ. ಲೆಕ್ಕ ತಪ್ಪುವುದು ಅಲ್ಲಿಂದಲೇ. ಬೆಂಗಳೂರಿನ ಖಾಸಗಿ ಕ್ಲಿನಿಕ್‌ಗಳಲ್ಲಿ 45ರಿಂದ 60 ನಿಮಿಷದ ಒಂದು ಸೆಷನ್‌ಗೆ ಹೆಚ್ಚಾಗಿ 1,000ದಿಂದ 3,000 ರೂಪಾಯಿ ತೆಗೆದುಕೊಳ್ಳುತ್ತಾರೆ. ಹೆಸರು ಮಾಡಿದವರ ಫೀಸು ಇದಕ್ಕಿಂತ ಜಾಸ್ತಿ, ಹೊಸಬರದು ಕಡಿಮೆ. ಆದರೆ ಖಿನ್ನತೆಗೋ ಆತಂಕಕ್ಕೋ ಕೊಡುವ ಸಿಬಿಟಿಯಂಥ (ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ) ಚಿಕಿತ್ಸೆ ವಾರಕ್ಕೊಂದರಂತೆ 12ರಿಂದ 20 ಸೆಷನ್ ಹಿಡಿಯುತ್ತದೆ. 1,500 ರೂಪಾಯಿಯಂತೆ 16 ಸೆಷನ್ ಎಂದರೆ 24,000. ನಾಲ್ಕು ತಿಂಗಳು, ತಿಂಗಳಿಗೆ 6,000. ಓಡಾಟದ ಖರ್ಚು, ಆಫೀಸಿಗೆ ಹಾಕುವ ಅರ್ಧ ದಿನದ ರಜೆ ಬೇರೆ.

ಮೂರು ಸೆಷನ್ ಮುಗಿಸಿ ದುಡ್ಡು ಹೊಂದಿಸಲಾಗದೆ ಬಿಟ್ಟುಬಿಡುವವರು ಬಹಳ ಜನ. ಮೊದಲ ಎರಡು ಮೂರು ಭೇಟಿಗಳು ಸಮಸ್ಯೆ ಏನು, ಎಂದಿನಿಂದ, ಯಾಕೆ ಉಳಿದುಕೊಂಡಿದೆ ಎಂದು ತಿಳಿಯುವುದಕ್ಕೇ ಹೋಗುತ್ತವೆ. ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಇವರು ಎದ್ದು ಬಂದಿರುತ್ತಾರೆ. ಕೊಟ್ಟ 4,500 ರೂಪಾಯಿಗಿಂತ ದೊಡ್ಡ ನಷ್ಟವೆಂದರೆ ‘ಥೆರಪಿ ಎಲ್ಲಾ ಮಾಡಿ ನೋಡಿದೆ, ನನಗೆ ಆಗಿಬರಲಿಲ್ಲ’ ಎಂಬ ತೀರ್ಮಾನ. ಹಾಗಾಗಿ ನಮ್ಮ ಸಲಹೆ ಇಷ್ಟು: ನಾಲ್ಕು ತಿಂಗಳು ತಡೆಯದೆ ಕೊಡಲು ಆಗುವ ಮೊತ್ತವನ್ನು ಮೊದಲು ನಿಗದಿ ಮಾಡಿಕೊಳ್ಳಿ, ಅದಕ್ಕೆ ಹೊಂದುವ ಜಾಗ ಹುಡುಕಿ. ತಿಂಗಳಿಗೊಮ್ಮೆ 3,000 ಕೊಟ್ಟು ದೊಡ್ಡವರನ್ನು ಕಾಣುವುದಕ್ಕಿಂತ, ವಾರಕ್ಕೊಮ್ಮೆ 800 ರೂಪಾಯಿಗೆ ತರಬೇತಿ ಪಡೆದ ಕಿರಿಯರೊಬ್ಬರನ್ನು ಕಾಣುವುದು ಹೆಚ್ಚಿನವರಿಗೆ ಒಳ್ಳೆಯದು.

ಯಾರ ಬಳಿ ಹೋಗುತ್ತಿದ್ದೀರಿ ಎಂಬುದು ಸ್ಪಷ್ಟವಾಗಿರಲಿ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಮಾತ್ರೆ ಬರೆಯುವ ಅಧಿಕಾರ ಇವರದು. ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಮಾತಾಡಿಸಿದರೂ ಆಮೇಲಿನ ಭೇಟಿಗಳು ಹತ್ತು ನಿಮಿಷದಲ್ಲಿ ಮುಗಿಯುವುದುಂಟು. ಅದು ಔಷಧದ ಪರಿಶೀಲನೆ, ಅದನ್ನೇ ಥೆರಪಿ ಎಂದುಕೊಳ್ಳಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳುವವರಲ್ಲಿ ಹೆಚ್ಚಿನವರು ಎರಡು ವರ್ಷದ ಎಂ.ಫಿಲ್ ಮಾಡಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ಹೆಸರು ನೋಂದಾಯಿಸಿರುತ್ತಾರೆ. ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಮಂಡಳಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಸಂಖ್ಯೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಬಳಿ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಕೌನ್ಸೆಲರ್ ಎಂಬ ಫಲಕ ಹಾಕಿಕೊಂಡವರ ವಿಷಯದಲ್ಲೇ ಎಚ್ಚರ ಜಾಸ್ತಿ ಬೇಕು. ಇವರಲ್ಲಿ ಸೈಕಾಲಜಿಯಲ್ಲಿ ಎಂಎ, ಎಂಎಸ್ಸಿ ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಅತ್ಯುತ್ತಮರಿದ್ದಾರೆ. ವಾರಾಂತ್ಯದ ಕೋರ್ಸ್ ಮುಗಿಸಿ ಬಂದವರೂ ಇದ್ದಾರೆ. ಫಲಕ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಓದಿದ್ದೇನು, ಎಲ್ಲಿ ತರಬೇತಿ, ಈಗಲೂ ಹಿರಿಯರೊಬ್ಬರ ಬಳಿ ಸೂಪರ್‌ವಿಷನ್ ಪಡೆಯುತ್ತಾರೆಯೇ, ನಿಮ್ಮಂಥ ತೊಂದರೆ ಇರುವವರನ್ನು ನೋಡಿ ಅಭ್ಯಾಸವಿದೆಯೇ ಎಂದು ಫೋನಿನಲ್ಲೇ ಕೇಳಿ. ಮೂರೇ ಸೆಷನ್ನಿನಲ್ಲಿ ವಾಸಿ ಮಾಡುತ್ತೇನೆ ಎಂದು ಮಾತು ಕೊಡುವವರನ್ನು, ಮನೋವೈದ್ಯರು ಬರೆದ ಮಾತ್ರೆ ನಿಲ್ಲಿಸಿ ಎನ್ನುವವರನ್ನು ಬಿಟ್ಟುಬಿಡಿ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ವೈದ್ಯರ ಕೆಲಸ. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು, ದಿಢೀರನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಕಾಡಬಹುದು.

ಕೆಲವು ಸಂದರ್ಭಗಳಲ್ಲಿ ಥೆರಪಿಸ್ಟ್ ಹುಡುಕುತ್ತಾ ಕೂರಲೇಬಾರದು. ಯಾರೂ ಇಲ್ಲದಾಗ ದನಿಗಳು ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿವೇ ಇಲ್ಲದಂತೆ ಓಡಾಡುವುದು, ಸಾಯುವ ಯೋಚನೆ ಬಂದು ಹೇಗೆ ಎಂಬ ಲೆಕ್ಕಾಚಾರ ನಡೆಯುವುದು, ದಿನವೂ ವಿಪರೀತ ಕುಡಿಯುವುದು, ಇವಕ್ಕೆ ಮೊದಲು ಮನೋವೈದ್ಯರು ಬೇಕು. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಮುಖ್ಯವಾಗಿ, ಬಹಳ ದಿನ ಕುಡಿದವರು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಹೊರಟರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಇನ್ನು ಬರೀ ಸುಸ್ತು, ಮಂಕು, ತೂಕದ ಏರುಪೇರು ಇದ್ದರೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮೊದಲೇ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆಯೇ ಕಾಣುತ್ತದೆ, ಅದಕ್ಕೆ ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ.

ಮೊದಲ ಸೆಷನ್ ಬಗ್ಗೆ ಜನರ ನಿರೀಕ್ಷೆಯೇ ಬೇರೆ. ಹೋಗಿ ಕೂತರೆ ಪರಿಹಾರ ಹೇಳಿ ಕಳಿಸುತ್ತಾರೆ ಎಂದುಕೊಂಡಿರುತ್ತಾರೆ. ಆಗುವುದು ಪ್ರಶ್ನೆಗಳ ಸುರಿಮಳೆ: ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತದೆಯೇ, ಕೆಲಸ ಹೇಗೆ ನಡೆದಿದೆ, ಕುಡಿತ ಸಿಗರೇಟು ಇದೆಯೇ, ಮೊದಲು ಹೀಗಾಗಿತ್ತೇ, ಮನೆತನದಲ್ಲಿ ಯಾರಿಗಾದರೂ ಇತ್ತೇ, ಈಗ ಯಾವ ಮಾತ್ರೆ, ಸಾಯಬೇಕೆನಿಸಿದ್ದಿದೆಯೇ. ಈ ಕೊನೆಯ ಪ್ರಶ್ನೆಗೆ ಗಾಬರಿಯಾಗಬೇಡಿ, ಎಲ್ಲರಿಗೂ ಕೇಳುತ್ತಾರೆ. ನಿಜ ಹೇಳಿದ ಮಾತ್ರಕ್ಕೆ ಹಿಡಿದು ಆಸ್ಪತ್ರೆಗೆ ಸೇರಿಸುವುದಿಲ್ಲ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡಬಹುದು. ಕಳೆದ ಎರಡು ವಾರ ಹೇಗಿತ್ತು ಎಂದು ಕೇಳುವ ಈ ಹಾಳೆಯಲ್ಲಿ ಒಟ್ಟು ಅಂಕ 27. ಹತ್ತು ಮುಟ್ಟಿದರೆ ಮಧ್ಯಮ ಮಟ್ಟದ ಖಿನ್ನತೆ ಇರಬಹುದೆಂಬ ಸೂಚನೆ, ಇಪ್ಪತ್ತು ಮುಟ್ಟಿದರೆ ತೀವ್ರ. ನಿಮ್ಮ ಅಂಕವನ್ನು ಕೇಳಿ ಬರೆದಿಟ್ಟುಕೊಳ್ಳಿ. ಐದಾರು ವಾರದ ನಂತರ ಅದೇ ಹಾಳೆ ತುಂಬಿದಾಗ ದುಡ್ಡು ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ನಿಮ್ಮ ಕೈಯಲ್ಲೇ ಒಂದು ಅಳತೆ ಇರುತ್ತದೆ.

ಮೊದಲ ಭೇಟಿ ಮುಗಿಯುವ ಮುನ್ನ ಮೂರು ವಿಷಯ ತಿಳಿದುಕೊಂಡೇ ಏಳಿ: ಅವರಿಗೆ ಸಮಸ್ಯೆ ಹೇಗೆ ಕಾಣುತ್ತಿದೆ, ಯಾವ ವಿಧಾನದಲ್ಲಿ ಕೆಲಸ ಮಾಡುತ್ತಾರೆ, ಅಂದಾಜು ಎಷ್ಟು ಸೆಷನ್. ನಿಖರ ಸಂಖ್ಯೆ ಹೇಳಲಾಗದು ನಿಜ, ಆದರೆ ‘ಆರು ಸೆಷನ್ ನೋಡಿ ಮತ್ತೆ ಮಾತಾಡೋಣ’ ಎನ್ನುವಷ್ಟಾದರೂ ಉತ್ತರ ಬರಬೇಕು. ಗೀಳು ಕಾಯಿಲೆ (ಒಸಿಡಿ) ಇದ್ದವರು ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿ: ಇಆರ್‌ಪಿ ಮಾಡುತ್ತೀರಾ? ಕೈ ಕೊಳಕಾಯಿತು ಎನಿಸಿದರೂ ತೊಳೆಯದೆ ಆ ಕಸಿವಿಸಿ ತಾನಾಗಿ ಇಳಿಯುವವರೆಗೆ ಇರುವುದನ್ನು ಹಂತಹಂತವಾಗಿ ಕಲಿಸುವ ವಿಧಾನ ಅದು. ‘ಏನೂ ಆಗೋದಿಲ್ಲ, ಹೆದರಬೇಡಿ’ ಎಂದು ವಾರವಾರ ಸಮಾಧಾನ ಹೇಳಿ ಕಳಿಸುವುದರಿಂದ ಗೀಳು ಇನ್ನಷ್ಟು ಬೇರು ಬಿಡುತ್ತದೆ.

ಪ್ಯಾಕೇಜ್ ವಿಷಯಕ್ಕೆ ಬಂದರೆ, ಮೊದಲ ದಿನವೇ ಹತ್ತು ಸೆಷನ್ನಿನ ದುಡ್ಡು ಕಟ್ಟಬೇಡಿ. ರಿಯಾಯಿತಿ ಎಷ್ಟೇ ಇರಲಿ. ಥೆರಪಿಯ ಫಲದಲ್ಲಿ ಥೆರಪಿಸ್ಟ್ ಮತ್ತು ನಿಮ್ಮ ನಡುವಿನ ಹೊಂದಾಣಿಕೆಗೂ ಮುಖ್ಯ ಪಾಲಿದೆ, ಅದು ಎರಡು ಮೂರು ಭೇಟಿಗೆ ಮೊದಲು ಗೊತ್ತಾಗುವುದಿಲ್ಲ. ಆಮೇಲೆ ಕಟ್ಟುವುದಾದರೆ ಉಳಿದ ಸೆಷನ್ನಿನ ಹಣ ವಾಪಸ್ ಸಿಗುವುದೇ, ಎಷ್ಟು ದಿನದೊಳಗೆ ಮುಗಿಸಬೇಕು, ಥೆರಪಿಸ್ಟ್ ಕೆಲಸ ಬಿಟ್ಟರೆ ಏನು ಎಂಬುದನ್ನು ಬರಹದಲ್ಲಿ ಪಡೆಯಿರಿ. 24 ಗಂಟೆ ಮೊದಲು ತಿಳಿಸದೆ ತಪ್ಪಿಸಿದರೆ ಪೂರ್ತಿ ಫೀಸು ಎಂಬ ನಿಯಮ ಹಲವು ಕಡೆ ಇದೆ. ಅದು ನ್ಯಾಯವೇ, ಆ ಗಂಟೆಯನ್ನು ಅವರು ಬೇರೆಯವರಿಗೆ ಕೊಡಲಾಗುವುದಿಲ್ಲ. ಬುದ್ಧಿಶಕ್ತಿ, ವ್ಯಕ್ತಿತ್ವದಂಥವನ್ನು ಅಳೆಯುವ ಸೈಕಲಾಜಿಕಲ್ ಟೆಸ್ಟಿಂಗ್ ಬಿಲ್ಲು ಪ್ರತ್ಯೇಕ, ಸೆಷನ್ ಫೀಸಿಗಿಂತ ಎಷ್ಟೋ ಪಾಲು ಹೆಚ್ಚಾಗಬಹುದು. ಅದರ ಉತ್ತರದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳದೆ ಒಪ್ಪಬೇಡಿ. ಫೀಸು ಕಷ್ಟವೆಂದರೆ ಹಾಗೆಂದೇ ಹೇಳಿ. ಆದಾಯಕ್ಕೆ ತಕ್ಕಂತೆ ಕಡಿಮೆ ಫೀಸಿಗೆ ನೋಡಲು ಕೆಲವು ಸೆಷನ್‌ಗಳನ್ನು ಹಲವರು ಇಟ್ಟುಕೊಂಡಿರುತ್ತಾರೆ, ಬೋರ್ಡಿನ ಮೇಲೆ ಬರೆದಿರುವುದಿಲ್ಲ.

ಸರ್ಕಾರಿ ವ್ಯವಸ್ಥೆಯಲ್ಲಿ ನಿಮ್ಹಾನ್ಸ್‌ನಂಥ ಗುಣಮಟ್ಟ ಅಷ್ಟು ಕಡಿಮೆ ಖರ್ಚಿಗೆ ಬೇರೆಲ್ಲೂ ಸಿಗುವುದು ಕಷ್ಟ. ಬದಲಿಗೆ ಸಮಯ ಕೊಡಬೇಕು. ಹೊಸೂರು ರಸ್ತೆಯ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಬೇಗ ಹೋಗಿ, ಗುರುತಿನ ಚೀಟಿ, ಹಳೆಯ ಮಾತ್ರೆ ಚೀಟಿ, ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಒಯ್ಯಿರಿ. ಮೊದಲ ದಿನ ಪೂರ್ತಿ ಅಲ್ಲೇ ಕಳೆಯಬಹುದು. ಮನೆಯವರೊಬ್ಬರು ಜೊತೆಗಿದ್ದರೆ ವಿವರ ಹೇಳಲು ಅನುಕೂಲ. ಮೊದಲು ವೈದ್ಯರು ನೋಡಿ, ಬೇಕೆನಿಸಿದರೆ ಕ್ಲಿನಿಕಲ್ ಸೈಕಾಲಜಿ ವಿಭಾಗಕ್ಕೆ ಕಳಿಸುತ್ತಾರೆ. ಥೆರಪಿ ಮಾಡುವವರು ಹೆಚ್ಚಾಗಿ ಅಲ್ಲಿ ಓದುತ್ತಿರುವ ಎಂ.ಫಿಲ್, ಪಿಎಚ್‌.ಡಿ ವಿದ್ಯಾರ್ಥಿಗಳು. ಇದನ್ನು ಕೇಳಿ ಹಿಂಜರಿಯಬೇಡಿ, ಪ್ರತಿ ಕೇಸನ್ನೂ ಹಿರಿಯರು ಕೂತು ಪರಿಶೀಲಿಸುತ್ತಾರೆ. ಒಂದೇ ಕೊರತೆಯೆಂದರೆ ವಿದ್ಯಾರ್ಥಿಯ ಪೋಸ್ಟಿಂಗ್ ಮುಗಿದರೆ ಬೇರೆಯವರು ಬರುತ್ತಾರೆ. ನೀವು ಎಷ್ಟು ತಿಂಗಳು ಇರುತ್ತೀರಿ ಎಂದು ಶುರುವಿನಲ್ಲೇ ಕೇಳಿಬಿಡಿ.

‘ನಿಮ್ಹಾನ್ಸ್‌ಗೆ ಹೋಗು’ ಎಂಬುದು ನಮ್ಮ ಊರಿನಲ್ಲಿ ಇನ್ನೂ ಬೈಗುಳವಾಗಿ ಉಳಿದಿರುವುದು ನೋವಿನ ಸಂಗತಿ. ಆ ಗೇಟು ದಾಟಲು ಮನಸ್ಸು ಬಾರದವರಿಗಾಗಿ ಬಿಟಿಎಂ ಬಡಾವಣೆಯಲ್ಲಿ ಸಂಸ್ಥೆಯದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಧಾರವಾಡದ ಸುತ್ತಿನವರಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಕ್ಲಿನಿಕ್ ನಡೆಸುವ ಪದ್ಧತಿಯೂ ಇದೆ. ಇಲ್ಲೆಲ್ಲ ಮಾತ್ರೆ ಚೆನ್ನಾಗಿ ಸಿಗುತ್ತದೆ, ವಾರಕ್ಕೊಂದು ಗಂಟೆಯ ಥೆರಪಿ ಸಿಗುವುದು ಅಪರೂಪ.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಕೌನ್ಸೆಲರ್ ಸಿಗುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳುವಾಗ, ಎಲ್ಲಿಗೆ ಹೋಗಬೇಕೆಂದೇ ತಿಳಿಯದಾಗ ಇದಕ್ಕಿಂತ ಒಳ್ಳೆಯದಿಲ್ಲ. ಒಬ್ಬರೇ ಥೆರಪಿಸ್ಟ್ ಜೊತೆ ತಿಂಗಳುಗಟ್ಟಲೆ ನಡೆಸುವ ಚಿಕಿತ್ಸೆಗೆ ಮಾತ್ರ ಇದು ಪರ್ಯಾಯವಲ್ಲ.

ಆ್ಯಪ್‌ಗಳ ಪೈಕಿ ವಿಡಿಯೊ ಕರೆಯಲ್ಲಿ ನಿಜವಾದ ಥೆರಪಿಸ್ಟನ್ನು ಕೂರಿಸುವಂಥವನ್ನಷ್ಟೇ ಪರಿಗಣಿಸಿ. ಚಾಟ್ ಮಾತ್ರ ಕೊಡುವ ಚಂದಾ ಥೆರಪಿಯಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆನ್‌ಲೈನ್ ಸೆಷನ್ ದೊಡ್ಡ ಅನುಕೂಲ, ಹೊರದೇಶದ ಕನ್ನಡಿಗರಿಗಂತೂ ಕನ್ನಡ ಬಲ್ಲವರು ಸಿಗುವ ದಾರಿ ಬಹುಮಟ್ಟಿಗೆ ಇದೊಂದೇ. ಆದರೆ ಅದು ಕೆಡುವುದು ಮನೆಯ ಗೋಡೆಗಳಿಂದ. ಪಕ್ಕದ ಕೋಣೆಯಲ್ಲಿ ಅತ್ತೆ ಕೂತಿರುವಾಗ ಅತ್ತೆಯ ವಿಷಯ ಮಾತಾಡಲಾಗುವುದಿಲ್ಲ. ಇಯರ್‌ಫೋನ್ ಇರಲಿ, ನಿಲ್ಲಿಸಿದ ಕಾರಿನಲ್ಲೋ ತಾರಸಿಯ ಮೇಲೋ ಒಂದು ಗಂಟೆ ಜಾಗ ಮಾಡಿಕೊಳ್ಳಿ. ಹುಡುಕುವಾಗ ಭಾಷೆಯ ಕಡೆಯೂ ಕನ್ನಡ ಎಂದು ಆರಿಸಿ. ಇಂಗ್ಲಿಷಿನಲ್ಲಿ ಆಫೀಸು ನಡೆಸುವವರಿಗೂ ಅಪ್ಪ ಹೊಡೆದದ್ದನ್ನು ಹೇಳಿಕೊಳ್ಳಲು ಮನೆಯ ಮಾತೇ ಬೇಕಾಗುತ್ತದೆ.

ಇನ್ಶೂರೆನ್ಸ್ ಬಗ್ಗೆ ಹೆಚ್ಚಿನವರಿಗೆ ನಿರಾಸೆ ಕಾದಿರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ನಮ್ಮ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವಂಥವು, ವಾರದ ಥೆರಪಿ ಅದರೊಳಗೆ ಬರುವುದಿಲ್ಲ. ದಾಖಲಾಗದೆ ಪಡೆಯುವ ಚಿಕಿತ್ಸೆಗೂ ಹಣ ಕೊಡುವ ಓಪಿಡಿ ಕವರ್ ಇದ್ದರೆ ಸಿಗಬಹುದು. ಅದರಲ್ಲೂ ಥೆರಪಿಸ್ಟ್‌ಗೆ ನೋಂದಣಿ ಇರಬೇಕು, ವೈದ್ಯರ ಚೀಟಿ ಬೇಕು ಎಂಬ ಷರತ್ತುಗಳಿರಬಹುದು, ವರ್ಷದ ಮಿತಿಯೂ ಇರುತ್ತದೆ. ರಸೀತಿಯಲ್ಲಿ ಹೆಸರು, ನೋಂದಣಿ ಸಂಖ್ಯೆ, ದಿನಾಂಕ ಇರುವಂತೆ ನೋಡಿಕೊಳ್ಳಿ. ಕಂಪನಿಯಲ್ಲಿ ಇಎಪಿ, ಅಂದರೆ ನೌಕರರಿಗೆ ಕಂಪನಿಯೇ ಕೊಡಿಸುವ ಆಪ್ತಸಲಹೆಯ ಸೌಲಭ್ಯ, ಇದ್ದರೆ ಮೊದಲ ಕೆಲವು ಸೆಷನ್ ಪುಕ್ಕಟೆ. ಎಚ್‌ಆರ್‌ಗೆ ಯಾವ ಮಾಹಿತಿ ಹೋಗುತ್ತದೆ, ಉಚಿತ ಸೆಷನ್ ಮುಗಿದ ಮೇಲೆ ಅದೇ ವ್ಯಕ್ತಿಯ ಬಳಿ ಮುಂದುವರಿಯಬಹುದೇ ಎಂದು ಕೇಳಿಕೊಂಡು ಬಳಸಿ.

ಗೌಪ್ಯತೆ ಅದೇ 2017ರ ಕಾಯ್ದೆ ಕೊಟ್ಟ ಹಕ್ಕು. ನೀವು ವಯಸ್ಕರಾಗಿದ್ದರೆ, ಫೀಸು ಕಟ್ಟುವವರು ಅಪ್ಪನೇ ಆದರೂ, ಒಳಗೆ ಮಾತಾಡಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಅವರಿಗೆ ಹೇಳುವಂತಿಲ್ಲ. ಜೀವಾಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ ಇದಕ್ಕೆ ವಿನಾಯಿತಿ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಮಕ್ಕಳ ರಕ್ಷಣೆಗಿರುವ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು.

ಎರಡನೆಯ, ಮೂರನೆಯ ವಾರದಲ್ಲಿ ಮೊದಲಿಗಿಂತ ಕಷ್ಟವೆನಿಸಬಹುದು. ಮುಚ್ಚಿಟ್ಟದ್ದನ್ನು ತೆರೆದಾಗ ಅಳು, ಸಿಟ್ಟು, ಕೆಟ್ಟ ಕನಸು ಬರುವುದುಂಟು. ಅದನ್ನು ಮನೆಯಲ್ಲಿ ನುಂಗಿಕೊಂಡು ಸೆಷನ್ ತಪ್ಪಿಸುವ ಬದಲು ಮುಂದಿನ ಸೆಷನ್ನಿನ ಮೊದಲ ಮಾತಾಗಿ ಹೇಳಿ, ವೇಗ ತಗ್ಗಿಸುತ್ತಾರೆ. ಕೊಟ್ಟ ಹೋಮ್‌ವರ್ಕ್ ಮಾಡದೆ ಹೋದರೂ ನಾಚಿಕೊಂಡು ಗೈರಾಗಬೇಡಿ, ಯಾಕೆ ಆಗಲಿಲ್ಲ ಎಂಬುದೇ ಆ ದಿನದ ಕೆಲಸವಾಗುತ್ತದೆ. ಆರನೇ ಸೆಷನ್ನಿನ ಹೊತ್ತಿಗೂ ಪಿಎಚ್‌ಕ್ಯೂ-9 ಅಂಕ, ನಿದ್ದೆ, ದಿನಚರಿ ಯಾವುದರಲ್ಲೂ ಬದಲಾವಣೆ ಇಲ್ಲದಿದ್ದರೆ ನೇರವಾಗಿ ಕೇಳಿ: ವಿಧಾನ ಬದಲಿಸೋಣವೇ, ಮನೋವೈದ್ಯರನ್ನೂ ಕಾಣಬೇಕೇ, ಬೇರೆಯವರ ಬಳಿ ಕಳಿಸುತ್ತೀರಾ? ಒಳ್ಳೆಯ ಥೆರಪಿಸ್ಟ್ ಇದಕ್ಕೆ ಬೇಸರಪಡುವುದಿಲ್ಲ. ಬದಲಿಸುವುದಾದರೆ ಈವರೆಗಿನ ಕೆಲಸದ ಸಾರಾಂಶವನ್ನು ಪತ್ರವಾಗಿ ಪಡೆಯಿರಿ, ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳುವ ಎರಡು ಸೆಷನ್ನಿನ ಖರ್ಚು ಉಳಿಯುತ್ತದೆ. ಚೇತರಿಸಿಕೊಂಡವರು ಒಮ್ಮೆಗೇ ನಿಲ್ಲಿಸದೆ, ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ಅಂತರ ಹೆಚ್ಚಿಸುತ್ತಾ ಹೋಗಿ. ಆ ಕೊನೆಯ ಭೇಟಿಗಳಲ್ಲಿ ತೊಂದರೆ ಮರಳುವ ಮೊದಲ ಲಕ್ಷಣಗಳು ನಿಮ್ಮಲ್ಲಿ ಯಾವುವು, ಆಗ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಥೆರಪಿಸ್ಟ್ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.