ಹ್ಯಾಂಗಿಂಗ್ ಫಿಲ್ಟರಾ, ಸ್ಪಾಂಜ್ ಫಿಲ್ಟರಾ? ಎರಡು ಟ್ಯಾಂಕ್, ಒಂದು ಮಳೆಗಾಲ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಎರಡು ಫಿಶ್ ಟ್ಯಾಂಕ್ ಅಕ್ಕಪಕ್ಕ ಇವೆ. ಒಂದೊಂದೂ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಪೂರ್ತಿ ತುಂಬಿಸಿದರೆ ಸುಮಾರು 55 ಲೀಟರ್. ಏಪ್ರಿಲ್‌ನಲ್ಲಿ ಒಂದೇ ದಿನ ಶುರು ಮಾಡಿದೆ. ಒಂದಕ್ಕೆ ಗಾಜಿನ ಅಂಚಿಗೆ ತೂಗುಹಾಕುವ, ಮೋಟಾರ್ ಇರುವ ಡಬ್ಬಿಯಂಥ ಹ್ಯಾಂಗಿಂಗ್ ಫಿಲ್ಟರ್, ಇನ್ನೊಂದಕ್ಕೆ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್.

ನೀರು ಎರಡಕ್ಕೂ ಬಾವಿಯದ್ದೇ. ಅದರಲ್ಲಿ ಕ್ಲೋರಿನ್ ಇಲ್ಲ. ನಮ್ಮ ಬಾವಿ ನೀರು ಮೆದು, ಅಂದರೆ ಲವಣದ ಅಂಶ ಕಡಿಮೆ; ನಾನು ಸಾಕುವ ನಿಯಾನ್ ಟೆಟ್ರಾ ಅನ್ನುವ ಸಣ್ಣ ಮೀನಿಗೆ ಹೇಳಿ ಮಾಡಿಸಿದ ಹಾಗಿದೆ. 

ಮೊದಲ ತಿಂಗಳು ಮೀನು ಬಿಡಲಿಲ್ಲ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಅದು ಕೊಳೆತರೆ ಅಮೋನಿಯ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯ, ನೈಟ್ರೈಟ್ ಮೀನಿಗೆ ವಿಷ, ಹಾಗಾಗಿ ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ಆಗುವವರೆಗೆ ಕಾಯಬೇಕು. ಹ್ಯಾಂಗಿಂಗ್ ಟ್ಯಾಂಕಿಗೆ 31 ದಿನ ಹಿಡಿಯಿತು, ಸ್ಪಾಂಜ್‌ಗೆ 35. ಇದರಲ್ಲಿ ಹೆಚ್ಚು ಕಡಿಮೆ ಹೇಳುವಂಥದ್ದೇನೂ ಇಲ್ಲ.

ನೋಟಕ್ಕೆ ಹ್ಯಾಂಗಿಂಗ್ ಫಿಲ್ಟರೇ ಮುಂದೆ. ನೀರು ಕನ್ನಡಿ ಹಾಗೆ ತಿಳಿಯಾಗಿತ್ತು, ಟ್ಯಾಂಕ್ ಒಳಗೆ ಜಾಗವೂ ಜಾಸ್ತಿ. ಸ್ಪಾಂಜ್ ಮೂಲೆಯಲ್ಲಿ ಕಪ್ಪಗೆ ಕೂತಿರುತ್ತದೆ, ಮುಂದೆ ಗಿಡ ನೆಟ್ಟು ಮರೆಮಾಡಬೇಕು. ಮೇ ತಿಂಗಳ ಕೊನೆವರೆಗೂ ಯಾರು ಕೇಳಿದರೂ ಹ್ಯಾಂಗಿಂಗ್ ತಗೊಳ್ಳಿ ಅನ್ನುತ್ತಿದ್ದೆ.

ಜುಲೈನಲ್ಲಿ ಜಡಿಮಳೆ ಹಿಡಿಯಿತು. ಒಂದು ಸಂಜೆ ಮರ ಬಿದ್ದು ಲೈನ್ ಹರಿಯಿತು. ಕರೆಂಟ್ ಬಂದಿದ್ದು 14 ಗಂಟೆ ಆದಮೇಲೆ. ಸ್ಪಾಂಜ್ ಟ್ಯಾಂಕಿಗೆ ಸೆಲ್ ಹಾಕುವ ಸಣ್ಣ ಏರ್ ಪಂಪ್ ಸಿಕ್ಕಿಸಿದ್ದೆ, ರಾತ್ರಿಯೆಲ್ಲ ಗುಳ್ಳೆ ಬರುತ್ತಲೇ ಇತ್ತು. ಹ್ಯಾಂಗಿಂಗ್ ಫಿಲ್ಟರಿಗೆ ಆ ದಾರಿ ಇಲ್ಲ. ಅದರ ಡಬ್ಬಿಯಲ್ಲಿ ನೀರು ನಿಂತೇ ಇತ್ತು. ಗಾಳಿ ಸಿಗದೆ ಒಳಗಿನ ಬ್ಯಾಕ್ಟೀರಿಯಾ ಸತ್ತವು. ಕರೆಂಟ್ ಬಂದ ಕೂಡಲೇ ಮೋಟಾರ್ ತಾನಾಗಿ ಓಡಿ, ಆ ನೀರನ್ನೆಲ್ಲ ಟ್ಯಾಂಕಿಗೆ ಸುರಿಯಿತು. ಮುಚ್ಚಳ ತೆಗೆದರೆ ಚರಂಡಿ ವಾಸನೆ. ಎರಡು ದಿನದಲ್ಲಿ ಎರಡು ನಿಯಾನ್ ಸತ್ತವು. ಅವುಗಳ ನೀಲಿ ಗೆರೆ ಮಾಸಿಹೋಗಿತ್ತು. ನೋಡಿ ತುಂಬಾ ಬೇಜಾರಾಯಿತು.

ಹ್ಯಾಂಗಿಂಗ್ ಫಿಲ್ಟರ್ ಇರುವವರು ಕರೆಂಟ್ ಹೋದಾಗ ಪ್ಲಗ್ ತೆಗೆದಿಡಿ. ಬಂದಮೇಲೆ ಡಬ್ಬಿ ತೊಳೆದು ಆಮೇಲೆ ಸ್ವಿಚ್ ಹಾಕಿ. ಶಿವಮೊಗ್ಗ ಪೇಟೆಯಲ್ಲಿದ್ದು ಮನೆಗೆ ಇನ್ವರ್ಟರ್ ಇದ್ದರೆ ಹ್ಯಾಂಗಿಂಗ್ ಫಿಲ್ಟರನ್ನೇ ಕೊಳ್ಳಬಹುದು. ಆದರೆ ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟು ಹಾಕಿ. ನಮ್ಮಂಥ ಹಳ್ಳಿ ಮನೆಗೆ ಮಾತ್ರ ಸ್ಪಾಂಜ್ ಫಿಲ್ಟರೇ ಸರಿ, ಇದರಲ್ಲಿ ನನಗೆ ಅನುಮಾನ ಇಲ್ಲ. ಚಳಿಗಾಲಕ್ಕೆ ಹೇಗೂ ಎರಡಕ್ಕೂ 50 ವ್ಯಾಟ್ ಹೀಟರ್ ಬೇಕು.

ಸ್ಪಾಂಜ್ ತೊಳೆಯುವುದು ಐದು ನಿಮಿಷದ ಕೆಲಸ. ಟ್ಯಾಂಕಿನಿಂದಲೇ ಒಂದು ಬಕೆಟ್ ನೀರು ತೆಗೆದು ಅದರೊಳಗೆ ಹಿಂಡಬೇಕು. ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯುತ್ತದೆ. ಪೂರ್ತಿ ಬೆಳ್ಳಗಾಗುವವರೆಗೆ ತೊಳೆಯಬೇಡಿ. ಬ್ಯಾಕ್ಟೀರಿಯಾ ಇರುವುದೇ ಅಲ್ಲಿ, ಅಲ್ವಾ? ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ ಹೋಗುತ್ತದೆ. ನಾನು ಗೋಡೆಗೆ ಮೊಳೆ ಹೊಡೆದು ಟ್ಯಾಂಕಿಗಿಂತ ಒಂದು ಗೇಣು ಮೇಲೆ ನೇತುಹಾಕಿದ್ದೇನೆ.