ಟಿನ್ ಮೀನು ಕೆಟ್ಟಿದ್ಯಾ ಇಲ್ವಾ ಅಂತ ನಾಲಿಗೆ ಮೇಲಿಟ್ಟು ನೋಡೋಕೆ ಹೋಗ್ಬೇಡಿ

ನಮಗಾಗಿದ್ದು ಇನ್ಯಾರಿಗೂ ಆಗ್ಬಾರ್ದು ಅಂತ ಬರೀತಿದೀನಿ, ಸ್ವಲ್ಪ ಉದ್ದ ಆದ್ರೂ ಓದಿ.

ನಾನೂ ನನ್ ಫ್ರೆಂಡೂ ತುಂಬಾ ದಿನದಿಂದ ಒಂದು ಅಭ್ಯಾಸ ಇಟ್ಕೊಂಡಿದೀವಿ, ರಜೆ ದಿನ ರಾತ್ರಿ ಯಾವ್ದಾದ್ರೂ ಒಂದು ಸೋಲೋ (ಗುಂಪಿಲ್ಲದೆ ಒಬ್ಬರೇ ಮಾಡಿದ) ಪಾಪ್ ಆಲ್ಬಮ್ ಶುರುವಿಂದ ಕೊನೇ ತನಕ ಕೇಳೋದು, ಜೊತೆಗೆ ಬೀನ್ಸೋ ಕಾರ್ನೋ ಮೀನೋ ಒಂದೆರಡು ಟಿನ್ ತೆಗೆದು ತಿನ್ನೋದು, ಆಮೇಲೆ ಎರಡಕ್ಕೂ ಹತ್ತಕ್ಕೆ ಎಷ್ಟು ಅಂತ ಮಾರ್ಕ್ಸ್ ಬರ್ಕೊಳ್ಳೋದು. ಆವತ್ತು ಟ್ಯೂನಾ ಟಿನ್ ತೆಗೆದು ಅರ್ಧ ತಿಂದು ಉಳಿದಿದ್ದನ್ನ ಹಾಗೇ ಟೇಬಲ್ ಮೇಲೆ ಬಿಟ್ವಿ. ಅಷ್ಟರಲ್ಲಿ ವಾದ ಶುರು ಆಯ್ತು. ಜಾರ್ಜ್ ಮೈಕಲ್ 1986ರಲ್ಲಿ ವ್ಯಾಮ್ ಅನ್ನೋ ತನ್ನ ಗುಂಪು ಮುಗಿಸಿ 1987ರಲ್ಲಿ 'ಫೇತ್' ತಂದಾಗ ಹೆಚ್ಚುಕಮ್ಮಿ ಎಲ್ಲಾ ತಾನೇ ಬರೆದು ತಾನೇ ಪ್ರೊಡ್ಯೂಸ್ ಮಾಡಿದ್ದ, ಸೋಲೋ ಅಂದ್ರೆ ಅದು ಅಂತ ನಾನು. ಇವನು ಒಪ್ಪಲ್ಲ, ಫಿಲ್ ಕಾಲಿನ್ಸ್ 1981ರಲ್ಲಿ 'ಫೇಸ್ ವ್ಯಾಲ್ಯೂ' ತಂದಾಗ ಇನ್ನೂ ಜೆನೆಸಿಸ್ ಅನ್ನೋ ಗುಂಪಲ್ಲೇ ಇದ್ದ, ಗುಂಪು ಬಿಟ್ಟಿದ್ದು ಮುಖ್ಯ ಅಲ್ಲ, ತನ್ನದೇ ದನಿ ಸಿಕ್ಕಿದ್ಯಾ ಅನ್ನೋದಕ್ಕೆ ಮಾರ್ಕ್ಸ್ ಕೊಡ್ಬೇಕು ಅಂತಾನೆ. (ಈಗ ಯೋಚಿಸಿದ್ರೆ ಅವನು ಹೇಳಿದ್ದೇ ಸರಿ ಅನ್ಸುತ್ತೆ.) ಎರಡೂ ಆಲ್ಬಮ್ ಮತ್ತೆ ಮೊದಲಿಂದ ಕೇಳಿದ್ವಿ, ಮಾತಾಡ್ತಾ ನಾಲ್ಕೈದು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ.

ಹಸಿವಾಯ್ತು ಅಂತ ಅವನು ಆ ಟ್ಯೂನಾ ಮೂಸಿ ನೋಡ್ದ, ವಾಸನೆ ಇಲ್ಲ. ಒಂಚೂರು ಬಾಯಿಗೆ ಹಾಕೊಂಡು ನಾಲಿಗೆ ಚುರುಚುರು ಅಂತಿದೆ, ಮೆಣಸಿನ ಪುಡಿ ಹಾಕಿರ್ಬೇಕು ಅಂದ. ಚೆನ್ನಾಗಿ ಬಿಸಿ ಮಾಡಿದ್ರೆ ಏನೂ ಆಗಲ್ಲ ಅಂತ ನಾನೇ ಹೇಳಿದ್ದು, ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಕೊರೀತಿದೆ. ಹುರಿದು ಪೂರ್ತಿ ಅವನೇ ತಿಂದ. ಅರ್ಧ ಗಂಟೆ ಆಗಿರ್ಲಿಲ್ಲ, "ಏನೋ ನಿನ್ ಮುಖ ಇಷ್ಟು ಕೆಂಪಾಗಿದೆ" ಅಂದೆ, ಅಷ್ಟರಲ್ಲಿ ಕುತ್ತಿಗೆ ತನಕ ಕೆಂಪು, ತಲೆ ಸಿಡಿತ, ಎದೆ ಡಬಡಬ ಹೊಡ್ಕೊಳ್ತಿದೆ, ಮೈಯೆಲ್ಲಾ ಬೆವರು. ಚಿಕ್ಕಂದಿನಿಂದ ಮೀನು ತಿನ್ನೋನು, ಅವನಿಗೆ ಅಲರ್ಜಿ ಹೇಗಾಗುತ್ತೆ ಅಂತ ನನಗೆ ಕೈಕಾಲೇ ಆಡ್ಲಿಲ್ಲ.

ಡಾಕ್ಟರ್ ನೋಡಿ ಇದು ಮೀನಿನ ಅಲರ್ಜಿ ಅಲ್ಲ, ಹಿಸ್ಟಮೀನ್ ವಿಷ, ಅಂದ್ರೆ ಅಲರ್ಜಿ ಆದಾಗ ಮೈಯಲ್ಲಿ ಬಿಡುಗಡೆ ಆಗೋ ರಾಸಾಯನಿಕಾನೇ ಮೀನಲ್ಲಿ ಸೇರಿರೋದು ಅಂದ್ರು. ಟ್ಯೂನಾ, ಬಂಗುಡೆ, ಭೂತಾಯಿ ತರದ ಮೀನಲ್ಲಿ ಹಿಸ್ಟಿಡೀನ್ ಅನ್ನೋ ಅಂಶ ಜಾಸ್ತಿ ಇರುತ್ತಂತೆ, ಮೀನು ತಂಪಿಲ್ಲದೆ ಬಿದ್ದಿದ್ರೆ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮೀನ್ ಮಾಡುತ್ತೆ, ಅದು ಟಿನ್ ತುಂಬೋ ಮುಂಚೆನೂ ಆಗಬಹುದು, ನಾವು ಮಾಡಿದ ಹಾಗೆ ತೆಗೆದು ಹೊರಗಿಟ್ಟಾಗ್ಲೂ ಆಗಬಹುದು. ಒಂದ್ಸಲ ಆಯ್ತು ಅಂದ್ರೆ ಬೇಯಿಸಿದ್ರೂ ಹುರಿದ್ರೂ ಫ್ರಿಜ್‌ನಲ್ಲಿಟ್ಟರೂ ಹೋಗಲ್ಲ, ವಾಸನೆನೂ ಬರಬೇಕು ಅಂತಿಲ್ಲ. ಆಂಟಿಹಿಸ್ಟಮೀನ್ ಕೊಟ್ರು, ಮಾರನೇ ದಿನಕ್ಕೆ ಸರಿ ಹೋದ. ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಮನೇಲಿ ಒಂದು ನಿಮಿಷನೂ ಕಾಯ್ಬೇಡಿ ಅಂದ್ರು.

ಇದಾದ್ಮೇಲೆ ನಾನು ಇದರ ಬಗ್ಗೆನೇ ಓದ್ತಾ ಕೂತೆ, ಓದಿದಷ್ಟೂ ಭಯ ಆಯ್ತು. ಆಲ್ಬಮ್‌ಗೆ ಒಂದ್ಸಲ ಕೇಳೋದು ಸಾಲಲ್ಲ, ಮೂರ್ನಾಲ್ಕು ಸಲ ಕೇಳಿದ್ಮೇಲೇನೇ ಅದರ ಬೆಲೆ ಗೊತ್ತಾಗೋದು. ಟಿನ್ ಹಾಗಲ್ಲ, ಅನುಮಾನ ಬಂದ ಟಿನ್‌ಗೆ ಒಂದು ಚಮಚನೂ ಜಾಸ್ತಿನೇ. ಬೊಟುಲಿಸಂ ಅಂದ್ರೆ ನರಗಳಿಗೆ ಹೊಡೆತ ಕೊಡೋ ಒಂದು ಆಹಾರ ವಿಷ, ಅದನ್ನ ತರೋ ಬ್ಯಾಕ್ಟೀರಿಯಾದ ಬೀಜಾಣುಗಳು ಬರೀ ಕುದಿಯೋ ನೀರಿಗೆ ಸಾಯಲ್ಲ, ಅದಕ್ಕೇ ಹುಳಿ ಕಮ್ಮಿ ಇರೋ ಕಾರ್ನ್, ಬೀನ್ಸ್, ಮೀನನ್ನ ಫ್ಯಾಕ್ಟರಿಯಲ್ಲಿ ಒತ್ತಡದಲ್ಲಿಟ್ಟು ಸುಮಾರು 121 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸೋದು. ಅಷ್ಟೆಲ್ಲಾ ಮಾಡಿದ್ರೂ ಅಂಚಿನ ಜೋಡಣೆ ಬಿಟ್ಕೊಂಡ್ರೆ ಎಲ್ಲಾ ವ್ಯರ್ಥ. ಟಿನ್ ಉಬ್ಬಿದ್ರೆ, ಸೋರ್ತಿದ್ರೆ, ತೆಗೆದಾಗ ಒಳಗಿಂದ ಚಿಮ್ಮಿದ್ರೆ, ಅಂಚಲ್ಲಿ ಆಳವಾಗಿ ನೆಗ್ಗಿದ್ರೆ ಡೇಟ್ ಇನ್ನೂ ಎರಡು ವರ್ಷ ಇದ್ರೂ ಎಸೀರಿ, ದಯವಿಟ್ಟು. ತಿಂದಾಗಿದೆ, ಕಣ್ಣಿಗೆ ಎರಡೆರಡು ಕಾಣ್ತಿದೆ, ರೆಪ್ಪೆ ಜೋತುಬಿದ್ದಿದೆ, ಮಾತು ತೊದಲ್ತಿದೆ, ನುಂಗೋಕೆ ಆಗ್ತಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ, ಇದು ಒಂದೆರಡು ದಿನ ಬಿಟ್ಟೂ ಶುರು ಆಗಬಹುದು.

ಪೈನಾಪಲ್, ಟೊಮ್ಯಾಟೊ ತರದ ಹುಳಿ ಪದಾರ್ಥ ತೆಗೆದ ಟಿನ್‌ನಲ್ಲೇ ಇಟ್ರೆ ಡಬ್ಬಿಯ ತವರ ಲೋಹ ಅದಕ್ಕೆ ಬಿಡುತ್ತೆ, ಬೇರೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮೀನಂತೂ ತೆಗೆದ ತಕ್ಷಣ ಉಳಿದಿದ್ದು ಫ್ರಿಜ್‌ಗೆ, ಹಾಡು ಆಮೇಲೆ ಕೇಳಬಹುದು.

ಇನ್ನೊಂದು, ಆವತ್ತು ಡಾಕ್ಟರ್ ಮೊದಲು ಕೇಳಿದ್ದೇ ಯಾವ ಮೀನು, ಯಾವಾಗ ತೆಗೆದ್ರಿ, ಟಿನ್ ಎಲ್ಲಿದೆ ಅಂತ. ನಾನು ಗಾಬರಿಯಲ್ಲಿ ಅದನ್ನ ಕಸಕ್ಕೆ ಹಾಕಿ ಓಡಿದ್ದೆ. ನೀವು ಹಾಗೆ ಮಾಡ್ಬೇಡಿ, ಟಿನ್ನೂ ಲೇಬಲ್ಲೂ ಒಂದು ಕವರ್‌ನಲ್ಲಿ ಕಟ್ಟಿ ಜೊತೆಗೇ ತಗೊಂಡ್ ಹೋಗಿ.