ಹಳೇಬೀಡೋ, ಕಾಫಿ ಯಾತ್ರೆಯೋ?

ಮಕ್ಕಳ ಜೊತೆ ಒಂದೇ ಮ್ಯೂಸಿಯಂ ನೋಡುವಷ್ಟು ಸಮಯವಿದ್ದರೆ ನನ್ನ ಮತ ಹಳೇಬೀಡಿಗೆ. ಪುರಾತತ್ವ ಇಲಾಖೆಯ ಈ ಸಂಗ್ರಹಾಲಯ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲೇ ಇದೆ. ಎಷ್ಟೋ ಶಿಲ್ಪಗಳು ಬಯಲಿನಲ್ಲೇ ನಿಂತಿವೆ. ಬೆಳಗಿನ ಓರೆಬಿಸಿಲು ಬಿದ್ದಾಗ ಬಳಪದ ಕಲ್ಲಿನ ಹಾರದ ಒಂದೊಂದು ಮಣಿಯೂ ಎದ್ದು ಕಾಣುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಈ ಭಾಗ್ಯವಿಲ್ಲ. ಇಂಥ ಶಿಲ್ಪ ಗೋಡೆಯ ಮೇಲೆ ಹೇಗಿರುತ್ತದೆಂದು ತೋರಿಸಲು ದೇವಾಲಯಕ್ಕೇ ನಡೆದು ಹೋದರಾಯಿತು. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ, ಜನ ಜಾಸ್ತಿ, ಬೇಗ ಹೋಗಿ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ.

ಜೋರು ಮಳೆಯೇ? ಹಾಗಾದರೆ ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ‘ಕಾಫಿ ಯಾತ್ರೆ’ ಮ್ಯೂಸಿಯಂ. ಇಲ್ಲಿ ಹಳೆಯ ವಸ್ತುಗಳಿಗಿಂತ ಕೆಲಸದ ಕಥೆ ಮುಖ್ಯ: ಗಿಡದಿಂದ ಲೋಟದವರೆಗಿನ ಹಂತಗಳು. ಇಂದಿನ ಮ್ಯೂಸಿಯಂಗಳು ಹಿಡಿಯಬೇಕಾದ ದಾರಿಯೂ ಇದೇ. ತೋಟದ ಮನೆಯವರಿಗೆ ಹೊಸತೇನಿಲ್ಲ. ಪುಡಿಯನ್ನಷ್ಟೇ ಕಂಡ ಪೇಟೆ ಮಕ್ಕಳಿಗೆ ತಪ್ಪದೆ ತೋರಿಸಿ.